ಗೋದಾಮು ಯಾವ ಕಡೆಗಿತ್ತು?

ಅಕ್ಟೋಬರ್ 3, ಮಂಗಳವಾರ. ಸಂಜೆ

ಇವತ್ತು ಹನ್ನೊಂದು ಜನ ತಯಾರು. ಪ್ಯಾಂಟು, ಕೋಟು ಆಯಿತು, ಮುಖ ಬಾಕಿ. ಒಬ್ಬೊಬ್ಬರೂ ಒಂದಂಗುಲ ಎತ್ತರ. ಕಡ್ಡಿಪೆಟ್ಟಿಗೆಗೆ ಅಂಟಿಸಿ ಕಿಟಕಿಯಲ್ಲಿ ಒಣಗಲು ಬಿಟ್ಟಿದ್ದೇನೆ. ಒಬ್ಬ ಹೆಂಗಸಿಗೆ ಹಳದಿ ಟೋಪಿ ಕೊಟ್ಟೆ. ಡೆಂಜಿಲ್ ಬೇಡ ಅನ್ನುತ್ತಾನೆ, ಗೊತ್ತು. 1958ರಲ್ಲಿ ಹೇಜಲ್‌ಕೂಮ್‌ನಲ್ಲಿ ಯಾರೂ ಹಳದಿ ಟೋಪಿ ಹಾಕಿರಲಿಲ್ಲ ಎಂದು ಇವನಿಗೆ ಯಾರು ಹೇಳಿದರೋ.

ಪ್ರದರ್ಶನಕ್ಕೆ ಹದಿನೆಂಟು ದಿನ. ನಮ್ಮ ಮಾದರಿ ರೈಲು ಕ್ಲಬ್ಬಿನಲ್ಲಿ ಎಲ್ಲರೂ ಸಿಡಿಮಿಡಿ. ವ್ಯಾಯಾಮದ ಹೆಂಗಸರು ಆರೂವರೆಯಾದರೂ ಹಾಲ್ ಬಿಡಲಿಲ್ಲ. ಗಾರ್ತ್ ತಂತಿ ಸುರುಳಿ ಕೊರಳಿಗೆ ಹಾಕಿಕೊಂಡು ಬಾಗಿಲಲ್ಲೇ ನಿಂತು ಅವರ ಜೊತೆ ತಾನೂ ಕಾಲೆತ್ತಿ ಇಳಿಸುತ್ತಿದ್ದ. ವಿದ್ಯುತ್ ಕೆಲಸವೆಲ್ಲ ಅವನದೇ, ಕೋಡಂಗಿತನವೂ.

ಡೆಂಜಿಲ್ ಟ್ರಾಟ್ ಅಧ್ಯಕ್ಷ. ಮೂರು ವರ್ಷದಿಂದ ನಮ್ಮೂರಿನ ಸ್ಟೇಷನ್ನನ್ನೇ ಕಟ್ಟಿಸುತ್ತಿದ್ದಾನೆ, 64ರಲ್ಲಿ ಮುಚ್ಚಿದ್ದನ್ನು. ಹದಿನೆಂಟು ಅಡಿ ಉದ್ದ. ಎಡತುದಿಯ ಗೋದಾಮು ಪೂರ್ತಿ ಅವನ ಕೈಕೆಲಸ: ನಾಲ್ಕು ಸಾವಿರ ಇಟ್ಟಿಗೆ, ಒಂದೊಂದನ್ನೂ ಸೂಜಿಮೊನೆಯಲ್ಲಿ ಗೀರಿದ್ದು. ಆಮೇಲೆ ಕೈ ನಡುಗಲು ಶುರುವಾಯಿತು. ಇನ್ನೊಂದು ಅವನಿಂದಾಗದು. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.

ಇವತ್ತು ಜೇಬಿನಿಂದ ಕಾಗದ ತೆಗೆದು ಎರಡು ಸಲ ಓದಿದ. ಸಿರಿಲ್ ಹಾಬ್ಡೇ ಎನ್ನುವವರು ಪತ್ತೆಯಾಗಿದ್ದಾರೆ. 56ರಿಂದ ಮುಚ್ಚುವವರೆಗೂ ಇಲ್ಲಿನ ಸಿಗ್ನಲ್ ಕ್ಯಾಬಿನ್ನಿನಲ್ಲಿದ್ದವರು. ಎಂಬತ್ಮೂರು ವರ್ಷ. ಆ ಸ್ಟೇಷನ್ನಿನಲ್ಲಿ ಕೆಲಸ ಮಾಡಿದವರಲ್ಲಿ ಉಳಿದಿರುವುದು ಅವರೊಬ್ಬರೇ. ಮಗಳು ಕಾರಿನಲ್ಲಿ ವೇಲ್ಸ್‌ನಿಂದ ಕರೆತರುತ್ತಾಳೆ. ಡೆಂಜಿಲ್ ಮುಖ ನೋಡಬೇಕಿತ್ತು. "ಬರಲಿ, ನೋಡಲಿ. ಒಂದು ಇಟ್ಟಿಗೆ ಸುಳ್ಳು ಅಂತ ಹೇಳ್ಲಿ ನೋಡೋಣ."

ಅಕ್ಟೋಬರ್ 5, ಗುರುವಾರ. ಬೆಳಿಗ್ಗೆ

ಇನ್ನಿಬ್ಬರು ಪೋರ್ಟರುಗಳು ಬೇಕು. ಡೆಂಜಿಲ್ ನೋಡಿ ಕಟ್ಟಿದ, ರಸ್ತೆ ಕಡೆಯಿಂದ ತೆಗೆದ ಗೋದಾಮಿನ ಆ ಒಂದೇ ಒಂದು ಫೋಟೋದಲ್ಲಿ ಇಬ್ಬರು ನಿಂತಿದ್ದಾರಲ್ಲ, ಅವರನ್ನೇ ಮಾಡೋಣವೆಂದು ಭೂತಗನ್ನಡಿ ಹಿಡಿದೆ. ದಪ್ಪನೆಯವನ ಕೋಟು ಹೆಂಗಸರ ಕೋಟು!

ಗಂಡಸರ ಕೋಟಿಗೆ ಗುಂಡಿ ಬಲಗಡೆ, ಕಾಜಾ ಎಡಗಡೆ. ಹೆಂಗಸರಿಗೆ ಅದರ ತಿರುಗುಮುರುಗು. ನಲವತ್ತೊಂದು ವರ್ಷ ಹೊಲಿದ ಕೈ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಅಂದರೆ ಹೆಂಗಸು? ಮೀಸೆ ಇದೆಯಲ್ಲ. ಹೆಂಡತಿಯ ಕೋಟು ಹಾಕಿಕೊಂಡು ಬಂದನೇ? ಯಾಕೆ? ತನ್ನದು ಒದ್ದೆಯಾಗಿತ್ತೇ? ಎದ್ದಾಗಿನಿಂದ ಇದೇ ತಲೆಯಲ್ಲಿ. ಟೋಸ್ಟ್ ಸೀದುಹೋಯಿತು.

ಅದೇ ದಿನ, ನಾಲ್ಕು ಗಂಟೆ

ತೆಳ್ಳಗಿನವನನ್ನೂ ನೋಡಿದೆ. ಅವನ ವೇಸ್ಟ್‌ಕೋಟೂ ಹಾಗೇ. ಎದೆಯ ಜೇಬು ಬಲಗಡೆ. ಎದೆಯ ಜೇಬು ಬಲಕ್ಕಿಟ್ಟು ಹೊಲಿಯುವ ದರ್ಜಿ ಈ ಭೂಮಿಯ ಮೇಲಿಲ್ಲ.

ಇಬ್ಬರೂ ಹೆಂಡತಿಯರ ಬಟ್ಟೆ ಹಾಕಿಕೊಂಡು ಬಂದಿರಲಾರರು. ಫೋಟೋವನ್ನೇ ಉಲ್ಟಾ ಅಚ್ಚು ಹಾಕಿದ್ದಾರೆ. ಯಾರೋ ನೆಗೆಟಿವ್ವನ್ನು ಹಿಂದುಮುಂದಾಗಿ ಇಟ್ಟಿದ್ದಾರೆ.

ಹಾಗಾದರೆ ಎಡಗಡೆ ಕಾಣುವ ಗೋದಾಮು ಇದ್ದದ್ದು ಬಲಗಡೆ.

ಮತ್ತೆ ನೋಡಿದೆ. ಮತ್ತೆ.

ಅಕ್ಟೋಬರ್ 6, ಶುಕ್ರವಾರ

ಲೈಬ್ರರಿಗೆ ಹೋಗಿ ನಕ್ಷೆ ನೋಡಿದೆ. ಒಂದು ನಕ್ಷೆ ಗೋದಾಮು ಕಟ್ಟುವ ಮೊದಲಿನದು, ಇನ್ನೊಂದು ಕೆಡವಿದ ಮೇಲಿನದು. ಎರಡೂ ತುದಿಯಲ್ಲಿ ಹಳಿಯ ಕವಲಿದೆ, ಗೋದಾಮೇ ಇಲ್ಲ. ಡೆಂಜಿಲ್ ಪಾಪ ಆ ಫೋಟೋ ಒಂದನ್ನೇ ನಂಬಿದ್ದ. ಅದು ಯಾವುದೋ ಸಂತೆಯಲ್ಲಿ ಸಿಕ್ಕಿದ್ದು. ನೆಗೆಟಿವ್ ಎಲ್ಲಿದೆಯೋ, ಯಾರ ಮನೆಯ ಅಟ್ಟದಲ್ಲೋ.

ಬಿಸಿತುಪ್ಪ. ನುಂಗಲಾರೆ, ಉಗುಳಲಾರೆ. ಹೊಲಿಗೆ ಅಂಗಡಿ ಮುಚ್ಚಿದ ಮೇಲೆ ಹೊತ್ತು ಹೋಗಲೆಂದು ಈ ಕ್ಲಬ್ಬಿಗೆ ಬಂದವಳು. ಮೊದಲ ವರ್ಷ ಪೂರ್ತಿ ಚಹಾ ಮಾಡಿದ್ದೇ ಮಾಡಿದ್ದು. ಈಗ ಅಧ್ಯಕ್ಷನ ಗೋದಾಮು ತಪ್ಪು ಜಾಗದಲ್ಲಿದೆ ಅನ್ನಬೇಕೇ? ಅನ್ನದಿದ್ದರೆ, 21ನೇ ತಾರೀಕು ಊರೆಲ್ಲ ಸೇರಿದ ಹೊತ್ತಿನಲ್ಲಿ ಆ ಮುದುಕರು ಅನ್ನುತ್ತಾರೆ. ಡೆಂಜಿಲ್ ಆಮೇಲೆ ಆ ಹಾಲ್‌ಗೆ ಕಾಲಿಡುವುದಿಲ್ಲ. ಅವನು ಹಾಗೆ ತಲೆತಗ್ಗಿಸಿ ನಿಲ್ಲುವುದನ್ನು ನಾನು ನೋಡಲಾರೆ. ಅವನ ಮೇಲೆ ಇಷ್ಟೊಂದು ಅಕ್ಕರೆ ಇದೆಯೆಂದು ಇವತ್ತೇ ಗೊತ್ತಾದದ್ದು.

ಅಕ್ಟೋಬರ್ 10, ಮಂಗಳವಾರ

ಹೇಳಿಬಿಟ್ಟೆ.

ಎಲ್ಲರೂ ಹೋದ ಮೇಲೆ, ಕುರ್ಚಿ ಜೋಡಿಸುವಾಗ. ಭೂತಗನ್ನಡಿ ಕೊಟ್ಟೆ. ಗುಂಡಿ, ಕಾಜಾ, ಜೇಬು, ಎಲ್ಲ ತೋರಿಸಿದೆ. ತುಂಬ ಹೊತ್ತು ನೋಡಿದ. ಸಿರಿಲ್ ಅವರನ್ನೇ ಪತ್ರ ಬರೆದು ಕೇಳಿದರೆ ಹೇಗೆ ಅಂದೆ. ಅದಕ್ಕೆ ಉರಿದುಬಿದ್ದ. ಅತಿಥಿಯನ್ನು ಕರೆದು ಪರೀಕ್ಷೆ ಬರೆಸುವ ಸಂಪ್ರದಾಯ ಈ ಕ್ಲಬ್ಬಿನಲ್ಲಿಲ್ಲವಂತೆ.

ಆಮೇಲೆ ಮೆಲ್ಲಗೆ, "ರೋಡಾ, ಮೂರು ಗುಂಡಿ ನೋಡ್ಕೊಂಡು ಮೂರು ವರ್ಷದ ಕೆಲಸ ಸುಳ್ಳು ಅಂತೀಯಲ್ಲ" ಅಂದ.

ಬೈದಿದ್ದರೆ ವಾಸಿಯಿತ್ತು. ದೀಪ ಆರಿಸದೆ ಹೊರಟುಹೋದ. ಉಳಿದ ಕುರ್ಚಿಗಳನ್ನು ನಾನೇ ಜೋಡಿಸಿದೆ.

ಅಕ್ಟೋಬರ್ 14, ಶನಿವಾರ. ಬೆಳಿಗ್ಗೆ 8

ಗುರುವಾರ ಹೋಗಲಿಲ್ಲ. ತಲೆನೋವು ಅಂದೆ.

ಈಗ ಡೆಂಜಿಲ್ ಫೋನು. ನಮಸ್ಕಾರವಿಲ್ಲ, ಏನಿಲ್ಲ. ತನ್ನ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದನಂತೆ, ಕೈಯಲ್ಲಿ ಫೋಟೋ ಹಿಡಿದು. "ಆ ದಪ್ಪನೆಯವನು ನಾನೇ ಕಣೆ. ಕನ್ನಡೀಲಿ ನನ್ನ ಗುಂಡೀನೂ ಥೇಟ್ ಹಂಗೇ ಕಾಣ್ತಾವೆ." ಉಸಿರಾಟ ಕೇಳುತ್ತಿತ್ತು. ನಾಳೆ ಎರಡು ಗಂಟೆಗೆ ಹಾಲ್ ಬೀಗದ ಕೈ ಸಿಕ್ಕಿದೆ, ಗಾರ್ತ್ ಗರಗಸ ತರುತ್ತಾನೆ, ಬಾ ಅಂದ.

ಅಕ್ಟೋಬರ್ 15, ಭಾನುವಾರ. ಸಂಜೆ

ಕೊಯ್ದೆವು.

ಗೋದಾಮನ್ನು ಅದರ ನೆಲದ ಸಮೇತ ಚೌಕವಾಗಿ ಕತ್ತರಿಸಿ ತೆಗೆದು, ಬಲತುದಿಯ ಕಲ್ಲಿದ್ದಲ ಅಂಗಳವನ್ನೂ ಅದೇ ಅಳತೆಗೆ ತೆಗೆದು, ಇದರ ಜಾಗಕ್ಕೆ ಅದು, ಅದರ ಜಾಗಕ್ಕೆ ಇದು. ಪುಣ್ಯಕ್ಕೆ ಗೋದಾಮಿನ ಎರಡು ತುದಿಯೂ ಒಂದೇ ಥರ. ಗಾರ್ತ್ ಗರಗಸ ಎಳೆದ, ನಾನು ಗೋದಾಮು ಹಿಡಿದೆ, ಡೆಂಜಿಲ್ ಟಾರ್ಚ್ ಹಿಡಿದ. ಬೆಳಕು ಗೋಡೆಯ ಮೇಲೆಲ್ಲ ಕುಣಿಯುತ್ತಿತ್ತು. ಗಾರ್ತ್ ಎಂದೂ ಬಾಯಿ ಮುಚ್ಚದವನು, ಇವತ್ತು ಒಂದು ಜೋಕೂ ಇಲ್ಲ.

ಎತ್ತುವಾಗ ಒಂದು ಗೋಡೆ ಸೀಳಿತು. ಒಂದು ಸಾಲು ಇಟ್ಟಿಗೆ ನನ್ನ ಅಂಗೈಯಲ್ಲೇ ಉಳಿಯಿತು. ಡೆಂಜಿಲ್ ನೋಡಿದ. ಅಡುಗೆಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಬಂದು ಚಿಮಟದಿಂದ ಒಂದೊಂದೇ ತುಂಡು ಅಂಟಿಸಿದೆ. ದೂರದಿಂದ ಕಾಣುವುದಿಲ್ಲ. ಹತ್ತಿರದಿಂದ ಕಾಣುತ್ತದೆ.

ಅಕ್ಟೋಬರ್ 19, ಗುರುವಾರ

ಹೊಸ ಹುಲ್ಲು ಅಂಟಿಸಿದ್ದು ಒಣಗುತ್ತಿಲ್ಲ. ಕೂದಲು ಒಣಗಿಸುವ ಯಂತ್ರ ಮನೆಯಿಂದ ಒಯ್ದೆ. ಅರ್ಧ ಹುಲ್ಲು ಹಾರಿಹೋಯಿತು. ಡೆಂಜಿಲ್ ನಕ್ಕ, ಹತ್ತು ದಿನದಲ್ಲಿ ಮೊದಲ ಸಲ.

ಗುಂಡಿಗಳ ಬಗ್ಗೆ ನನಗೆ ಅನುಮಾನವಿಲ್ಲ. ಇಲ್ಲ. ಆದರೂ…

ಅಕ್ಟೋಬರ್ 21, ಶನಿವಾರ. ಸಂಜೆ 6

ಬರೆಯಲು ಕೂತರೆ ಕೈ ಓಡುತ್ತಿಲ್ಲ. ಮೊದಲಿಂದ ಬರೆಯುತ್ತೇನೆ.

ಹತ್ತಕ್ಕೆ ಬಾಗಿಲು ತೆಗೆದೆವು. ಮಳೆಯಿದ್ದರೂ ಸಾಲು ಗೇಟಿನವರೆಗೆ. ಒದ್ದೆ ಕೋಟುಗಳ ವಾಸನೆ, ಬೇಕನ್ ರೋಲಿನ ವಾಸನೆ. ಹನ್ನೊಂದೂಕಾಲಿಗೆ ಸಿರಿಲ್ ಬಂದರು. ಪುಟ್ಟ ದೇಹ, ದೊಡ್ಡ ಕಿವಿ, ಪಾಲಿಶ್ ಮಾಡಿದ ಬೂಟು. ಮಗಳು ಮೊಳಕೈ ಹಿಡಿದಿದ್ದಳು. ಜನ ದಾರಿ ಬಿಟ್ಟರು. ಹಗ್ಗದ ಪಕ್ಕ ನಿಂತರು. ಅದು ಪ್ರೇಕ್ಷಕರ ಜಾಗ, ರಸ್ತೆ ಕಡೆ, ಸ್ಟೇಷನ್ ಕಟ್ಟಡದ ಮುಂದೆ. ಓಡಿಸುವವರು ಹಿಂದೆ ನಿಲ್ಲುವುದು. ಅಲ್ಲಿಗೆ ಹೊರಗಿನವರು ಯಾರೂ ಬರಕೂಡದು, ಡೆಂಜಿಲ್ಲನ ಕಟ್ಟಪ್ಪಣೆ.

ಎರಡು ಗಾಡಿ ಹೋಗುವವರೆಗೂ ನೋಡಿದರು. ಇಡೀ ಹಾಲ್ ಅವರ ಬಾಯಿ ನೋಡುತ್ತಿತ್ತು.

"ಬಾಳ ಚೆನ್ನಾಗಿ ಮಾಡಿದ್ದೀರಪ್ಪ. ಗೋದಾಮು ಮಾತ್ರ ಈ ಕಡೆ ಇತ್ತು" ಅಂದು ಎಡಗೈ ಎತ್ತಿದರು.

ಎಡಗಡೆ. ನಾವು ಕೊಯ್ದು ತೆಗೆದ ಕಡೆ.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗಾರ್ತ್ ನನ್ನನ್ನು ನೋಡಲಿಲ್ಲ, ಅದಕ್ಕೇ ಅವನೇನು ಯೋಚಿಸುತ್ತಿದ್ದಾನೆಂದು ಗೊತ್ತಾಯಿತು. ಡೆಂಜಿಲ್ ಎರಡೂ ಕೈ ಜೇಬಿಗೆ ಹಾಕಿದ. "ಹೌದಾ" ಅಂದ, ಅಷ್ಟೆ. ಅಡುಗೆಕೋಣೆಗೆ ಹೋದ.

ಹಿಂದೆಯೇ ಹೋದೆ. ತೊಳೆದ ಕಪ್ಪನ್ನೇ ಮತ್ತೆ ತೊಳೆಯುತ್ತಿದ್ದ. ನನ್ನಿಂದ ಹಾಳಾಯಿತು, ನಾನು ಬಾಯಿ ಬಿಡಬಾರದಿತ್ತು, ಇನ್ನು ಕ್ಲಬ್ಬಿಗೆ ಬರುವುದಿಲ್ಲ, ಬಾಯಿಗೆ ಬಂದದ್ದೆಲ್ಲ ಹೇಳಿದೆ.

"ನೀನು ಕೊಯ್ಸಿದ್ದಲ್ಲ ರೋಡಾ. ನನಗೆ ಸರಿ ಅನ್ನಿಸ್ತು, ನಾನು ಕೊಯ್ದೆ. ತಪ್ಪಾದ್ರೂ ಅದು ನಂದೇ."

ನನ್ನ ಕಡೆ ತಿರುಗಲಿಲ್ಲ. ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನನ್ನು ನೋಡುತ್ತಾ ನಿಂತವಳಿಗೆ ಸಿಟ್ಟು ಬಂತು. ಅವನ ಮೇಲಲ್ಲ, ಸಿರಿಲ್ ಮೇಲೂ ಅಲ್ಲ. ಗುಂಡಿ ಸುಳ್ಳಾಗಲು ಸಾಧ್ಯವಿಲ್ಲ, ಆ ಮುದುಕರು ಸುಳ್ಳು ಹೇಳುವವರಲ್ಲ. ಎರಡೂ ನಿಜವಾಗುವುದು ಹೇಗೆ?

ಸಿರಿಲ್‌ಗೆ ನಿಂಬೆ ಕೇಕು, ಚಹಾ ಒಯ್ದು ಕೊಟ್ಟು ಪಕ್ಕದಲ್ಲಿ ಕೂತೆ. ಬೆಳಿಗ್ಗೆ ಕೆಲಸಕ್ಕೆ ಬಂದರೆ ಮೊದಲು ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಒಲೆ ಹಚ್ಚುತ್ತಿದ್ದರಂತೆ. ಆಮೇಲೆ? ಕಿಟಕಿ ತೆಗೆಯುತ್ತಿದ್ದರಂತೆ. ತೆಗೆದರೆ ಏನು ಕಾಣುತ್ತಿತ್ತು?

"ಎದುರಿಗೆ ಹಳಿ. ಹಳಿ ಆಚೆ ಪ್ಲಾಟ್‌ಫಾರ್ಮು, ಸ್ಟೇಷನ್ನು. ಎಡಗೈಗೆ ಗೋದಾಮು."

ಹಳಿಯ ಆಚೆ ಸ್ಟೇಷನ್ನು! ಕ್ಯಾಬಿನ್ ಇದ್ದದ್ದು ಹಳಿಯ ಇನ್ನೊಂದು ಬದಿಗೆ. ನಮ್ಮ ಮಾದರಿಯಲ್ಲೂ ಅಲ್ಲೇ ಇದೆ, ಹಿಂಬದಿಯ ಅಂಚಿನಲ್ಲಿ. ಎಂದಾದರೂ ರಸ್ತೆ ಕಡೆಯಿಂದ ಸ್ಟೇಷನ್ ನೋಡಿದ್ದಿರಾ ಅಂದೆ.

"ಅಲ್ಲಿಗ್ಯಾಕೆ ಹೋಗ್ಲಿ ಕಣಮ್ಮ? ನಮ್ಮನೆ ಇದ್ದಿದ್ದು ಕ್ಯಾಬಿನ್ ಹಿಂದೆ, ಹೊಲ ದಾಟಿದ್ರೆ."

ಎಂಟು ವರ್ಷ ಒಂದೇ ಕಿಟಕಿ. ಅಲ್ಲಿಂದ ಎಡವಾದದ್ದು ರಸ್ತೆ ಕಡೆಯಿಂದ ಬಲ. ಬೈದರೆ ಬೈದುಕೊಳ್ಳಲಿ ಎಂದು ಯಾರನ್ನೂ ಕೇಳದೆ ಹಗ್ಗ ಎತ್ತಿದೆ. ಸಿರಿಲ್ ಕೈ ಹಿಡಿದು ಹಿಂದಕ್ಕೆ ಕರೆದುಕೊಂಡು ಹೋದೆ. ಗಾರ್ತ್ ತನ್ನ ಸ್ಟೂಲು ಕೊಟ್ಟ. ಅವರ ಕಣ್ಣು ಕ್ಯಾಬಿನ್ನಿನ ಕಿಟಕಿಯ ಮಟ್ಟಕ್ಕೆ ಬಂತು.

ಸಿರಿಲ್ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಮತ್ತೆ ಎಡಕ್ಕೆ. ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ನಾನು ಓಡಿಹೋಗಿ ಡೆಂಜಿಲ್ಲನನ್ನು ಎಳೆದುಕೊಂಡು ಬಂದೆ. ಒದ್ದೆ ಕೈಯಲ್ಲೇ ಬಂದ. ಸಿರಿಲ್ ಅವನ ಕಡೆ ತಿರುಗದೆಯೇ ಹೇಳಿದರು: "ಇಲ್ಲಿದೆಯಲ್ಲಪ್ಪ. ನಾನು ಬಿಟ್ಟುಹೋದ ಕಡೇನೇ ಇದೆ."

ಡೆಂಜಿಲ್ ಸ್ಟೂಲಿನ ಪಕ್ಕ ಮೊಳಕಾಲೂರಿ ಕೂತ, ಅವರಿಗೆ ಕಾಣುವುದು ತನಗೂ ಕಾಣಲಿ ಎಂದು. ಮೂರು ವರ್ಷ ಆ ಬದಿಯಲ್ಲೇ ನಿಂತು ಗಾಡಿ ಓಡಿಸಿದವನು. ಅಲ್ಲಿಂದ ಒಂದು ದಿನವೂ ಬಗ್ಗಿ ನೋಡಿರಲಿಲ್ಲವಂತೆ. ಇಬ್ಬರೂ ಐದೂವರೆಯವರೆಗೆ ಏಳಲಿಲ್ಲ. ಮಗಳು ಎರಡು ಸಲ ಬಂದು ವಾಪಸು ಹೋದಳು. ಕೊನೆಗೆ ಊರಿನಲ್ಲೇ ಕೋಣೆ ಹಿಡಿದಿದ್ದಾಳೆ, ನಾಳೆಯೂ ಬರುತ್ತಾರಂತೆ.

ಒಡೆದ ಗೋಡೆಯ ಬಗ್ಗೆ ಯಾರೂ ಕೇಳಲಿಲ್ಲ. ಡೆಂಜಿಲ್ ಒಮ್ಮೆ ಅದರ ಮೇಲೆ ಬೆರಳಾಡಿಸಿದ್ದನ್ನು ನೋಡಿದೆ. ಸಂಕಟವಾಯಿತು. ಅದಂತೂ ಹೋದದ್ದೇ.

ಅಕ್ಟೋಬರ್ 22, ಭಾನುವಾರ. ಬೆಳಿಗ್ಗೆ 9.50, ಹಾಲ್‌ನಲ್ಲಿ

ಮೊದಲ ಸಲ ಇಲ್ಲಿ ಕೂತು ಬರೆಯುತ್ತಿದ್ದೇನೆ, ಮೊಳಕಾಲಿನ ಮೇಲೆ ಪುಸ್ತಕ ಇಟ್ಟುಕೊಂಡು. ಹಗ್ಗದ ಹಿಂದೆ.

ಬಂದ ತಕ್ಷಣ ಚಹಾ ಪಾತ್ರೆಗೆ ಕೈ ಹಾಕಿದೆ. ಡೆಂಜಿಲ್ ಅದನ್ನು ಗಾರ್ತ್ ಕಡೆ ತಳ್ಳಿದ. ಯಾವ ಗಾಡಿ ಯಾರು ಓಡಿಸಬೇಕೆಂಬ ಪಟ್ಟಿ ಬಾಗಿಲಿಗೆ ಅಂಟಿಸಿದ್ದ. ಹತ್ತರ ಗಾಡಿಯ ಎದುರು ಅವನ ಹೆಸರು ಹೊಡೆದುಹಾಕಿ ನನ್ನದು. ಅಕ್ಷರ ಕಂಪಿಸಿತ್ತು. ನಾನು ಒಂದು ದಿನವೂ ಓಡಿಸಿಲ್ಲ, ಹಳಿ ತಪ್ಪಿದರೆ ಏನು ಗತಿ ಅಂದೆ.

"ತಪ್ಪಲಿ ಬಿಡು. ನನ್ನ ಕೈಯಲ್ಲಿ ನಿನ್ನೆ ಎರಡು ಸಲ ತಪ್ಪಿತು. ಇನ್ಮೇಲೆ ಈ ಗಾಡಿ ನಿಂದು." ಆಮೇಲೆ ತಗ್ಗಿದ ದನಿಯಲ್ಲಿ, "ನಿನ್ನ ಕೈಯಲ್ಲಾದ್ರೆ ಕೊಡೋಕೆ ಬೇಜಾರಿಲ್ಲ."

ಕಣ್ಣು ತುಂಬಿತು. ಅವನೂ ನೋಡಿದ.

ಗಂಟೆ ಬಾರಿಸಲು ಸಿರಿಲ್ ಕೂತಿದ್ದಾರೆ, ಸ್ಟೂಲಿಗೆ ಅಂಟಿಸಿದ ಹಾಗೆ ನೆಟ್ಟಗೆ. ಒಂದು ಸಲ ಬಾರಿಸಿದರೆ ಸಿದ್ಧವಾಗು, ಎರಡು ಸಲ ಬಾರಿಸಿದರೆ ಗಾಡಿ ಹೊರಟಿತು ಎಂದರ್ಥವಂತೆ, ಆಗ ನಾನು ವೇಗದ ಗುಬ್ಬಿ ತಿರುಗಿಸಬೇಕು, ಮೆಲ್ಲಗೆ. ಬಾಗಿಲು ತೆಗೆದರು. ಜನ ಬರುತ್ತಿದ್ದಾರೆ. ಡೆಂಜಿಲ್ ಆ ಕಡೆಯಿಂದ, ಹಗ್ಗದ ಮುಂದೆ ನಿಂತು ನನ್ನನ್ನೇ ನೋಡು—

ಗಂಟೆ. ಒಂದು ಸಲ.