ಚಂದ್ರಂಕಿಯ ನವಿಲು

ಜಂಗಮಕೋಟೆ
ಸೋಮವಾರ, ಆಗಸ್ಟ್ 25, 2025

ಪ್ರೀತಿಯ ಶ್ಯಾಮಲಾ,

ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಮೊನ್ನೆ ಫೋನಿನಲ್ಲಿ, ಹಬ್ಬ ಮುಗಿದ ಮೇಲೆ ಒಂದು ಭಾನುವಾರ ಬಾರೇ, ನಿನ್ನ ಹುಳುಮನೆ ಈಗ ಹೇಗಾಗಿದೆ ನೋಡು ಅಂದೆ. "ನಾನು ಮುಟ್ಟಿದ್ದು ಉಳಿಯಲ್ಲ ಕಣೇ, ನನ್ನ ಕೈ ಸರಿಯಿಲ್ಲ" ಎಂದು ನೀನು ಪಟ್ಟನೆ ಕಟ್ ಮಾಡಿದೆ. ಚಿಂತಾಮಣಿಯ ಮನೆಯಲ್ಲಿ ತುಳಸಿಗೆ ನೀರು ಹಾಕುವುದಕ್ಕೂ ನಿನ್ನ ಯಜಮಾನರು ಆವಲಪ್ಪನವರನ್ನೇ ಕಳಿಸುತ್ತೀಯಂತೆ. ನಿನ್ನ ರೇಷ್ಮೆಹುಳ ಅಷ್ಟೂ ಸತ್ತು ಏಳು ವರ್ಷವಾಯಿತು, ಇನ್ನೂ ಅದೇ ಮಾತಾ? ಸಿಟ್ಟು ಬಂದು ಆ ದಿನ ನನಗೆ ಊಟವೇ ಸೇರಲಿಲ್ಲ. ಕಾಗದವನ್ನು ಹಾಗೆ ಕಟ್ ಮಾಡಲಾಗುವುದಿಲ್ಲ. ಕೊನೆತನಕ ಓದು.

ನೀನು ಬೀಗದ ಕೈ ನನಗೆ ಕೊಟ್ಟು ಹೋದೆಯಲ್ಲ, ಆ ಹುಳುಮನೆಯಲ್ಲಿ ಯುಗಾದಿಯಿಂದ ಈಚೆಗೆ ಪ್ರತಿ ಭಾನುವಾರ ಹತ್ತು ಹದಿನೈದು ಹೆಂಗಸರು ಸೇರುತ್ತೇವೆ. ಚಿಕ್ಕಬಳ್ಳಾಪುರದಿಂದ ಹರಿತಾ ಎಂಬ ಹುಡುಗಿ ಸ್ಕೂಟರಿನಲ್ಲಿ ಬಂದು ಕಲಿಸುತ್ತಾಳೆ. ಅವಳು ಅದನ್ನು ವರ್ಕ್‌ಶಾಪ್ ಅನ್ನುತ್ತಾಳೆ. ನಮ್ಮ ಅಶ್ವತ್ಥಮ್ಮ ಗ್ಯಾರೇಜ್ ಅನ್ನುತ್ತಾಳೆ. ಚೆಂಡುಹೂವು, ದಾಳಿಂಬೆ ಸಿಪ್ಪೆ ಕುದಿಸಿ ಬಟ್ಟೆಗೆ ಬಣ್ಣ ಕಟ್ಟುತ್ತೇವೆ. ಎಲೆಗಳನ್ನು ಬಟ್ಟೆಯ ಮೇಲಿಟ್ಟು ಕಲ್ಲಿನಿಂದ ಜಜ್ಜಿದರೆ ನರನರವೂ ಅಚ್ಚಾಗಿ ಮೂಡುತ್ತದೆ. ಹಿಂದೆ ನೀನು ಗೊಬ್ಬರ ಸುರಿಯುತ್ತಿದ್ದ ಜಾಗದಲ್ಲಿ ಎಲ್ಲರೂ ಸೇರಿ ತೋಟ ಮಾಡಿದ್ದೇವೆ. ಅವರವರ ಮನೆಯ ಬೀಜ ತಂದು ಹಾಕುವುದು, ಬೆಳೆದದ್ದನ್ನು ಹಂಚಿಕೊಳ್ಳುವುದು. ಅವರೆ ಬಳ್ಳಿಯ ವಿಷಯಕ್ಕೆ ಆಗಲೇ ಎರಡು ಜಗಳವೂ ಆಯಿತು, ಎರಡರಲ್ಲೂ ನಾನಿದ್ದೆ.

ಈ ಕಾಗದವನ್ನೂ ನಾವೇ ಮಾಡಿದ್ದು. ಹುಳ ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳನ್ನು ನಾವು ಒಲೆಗೆ ಹಾಕುತ್ತಿದ್ದೆವಲ್ಲ, ಅದರ ತೊಗಟೆ ಬೇಯಿಸಿ, ಕುಟ್ಟಿ, ಜರಡಿಯಲ್ಲಿ ಎತ್ತಿ ಒಣಗಿಸಿದರೆ ಇದು. ಅಲ್ಲಲ್ಲಿ ಕಾಣುವ ಚುಕ್ಕಿ ದಂಟಿನ ಸೊಪ್ಪಿನ ಬೀಜ. ಓದಿದ ಮೇಲೆ ಹರಿದು ಕುಂಡದಲ್ಲಿ ಹೂತು ನೀರು ಹಾಕಿದರೆ ಮೊಳೆಯುತ್ತದೆ. ಯಾರಿಗಾದರೂ ಒಂದೊಂದು ಪತ್ರ ಬರೆಯಿರಿ ಎಂದು ಹರಿತಾ ಎಲ್ಲರಿಗೂ ಒಂದಿಷ್ಟು ಹಾಳೆ ಕೊಟ್ಟಳು. ಉಳಿದವರು ಮೊಮ್ಮಕ್ಕಳಿಗೆ ಬರೆದರು.

ಈಗ ನಾನು ಮಾಡಿದ ಎಡವಟ್ಟು ಕೇಳು. ಹೋದ ವಾರ ಹರಿತಾಗೆ ಅಲಂಕಾರದ ಕೆಲಸಕ್ಕೆ ರೇಷ್ಮೆಗೂಡು ಬೇಕಿತ್ತು. ನಾನು ಕೊಡ್ತೀನಿ ಅಂದೆ. ಆಗಷ್ಟೇ ಬಿಡಿಸಿದ ಗೂಡು, ಬಿಸಿಲಿಗೆ ಹಾಕಿ ಒಳಗಿನ ಹುಳು ಸಾಯಿಸಿ ಕೊಡಬೇಕಿತ್ತು. ಮೂರು ದಿನ ಬರೀ ಮೋಡ. ನಾಳೆ ಹಾಕೋಣ, ನಾಳೆ ಹಾಕೋಣ ಅಂತ ಹಾಗೇ ತಂದುಬಿಟ್ಟೆ. ಮಾರ್ಕೆಟ್ಟಿಗೆ ಹಾಕುವ ಅಭ್ಯಾಸವೇ ಹೊರತು ಗೂಡನ್ನು ಮನೆಯಲ್ಲಿ ಇಟ್ಟುಕೊಂಡು ನಮಗೆಲ್ಲಿ ಗೊತ್ತು? ನಿನ್ನ ಹಳೇ ಚಂದ್ರಂಕಿ, ಅದೇ ಹಣ್ಣಾದ ಹುಳ ಬಿಟ್ಟು ಗೂಡು ಕಟ್ಟಿಸುತ್ತಿದ್ದ ಆ ಬಿದಿರಿನ ತಟ್ಟೆ, ಅಟ್ಟದಿಂದ ಇಳಿಸಿ ಅದರ ಮೇಲೆ ಮೈದಾ ಅಂಟಿನಲ್ಲಿ ಇನ್ನೂರು ಗೂಡು ಅಂಟಿಸಿ ದೊಡ್ಡ ನವಿಲು ಮಾಡಿದೆವು. ಗೋಡೆಗೆ ಒರಗಿಸಿ ಬೀಗ ಹಾಕಿಕೊಂಡು ಬಂದೆ.

ನಿನ್ನೆ ಬೆಳಿಗ್ಗೆ ಬಾಗಿಲು ತೆಗೆದರೆ ನವಿಲು ಅಲ್ಲಾಡುತ್ತಿತ್ತು.

ಸುಳ್ಳಲ್ಲ ಕಣೇ. ಹಿಂದೆಯೇ ಬಂದ ಅಶ್ವತ್ಥಮ್ಮ "ಅಯ್ಯೋ ದೇವುಡಾ!" ಎಂದು ಚಪ್ಪಲಿ ಹೊರಗೇ ಬಿಟ್ಟು ಕೈಮುಗಿದಳು. ಹತ್ತಿರ ಹೋಗಿ ನೋಡಿದೆ. ಗೂಡಿನ ತುದಿ ಒದ್ದೆಯಾಗುತ್ತಿದೆ, ಒಳಗಿನಿಂದ ಯಾರೋ ತಳ್ಳುತ್ತಿದ್ದಾರೆ. ಒಂದು ಪುಟ್ಟ ಬಿಳೀ ತಲೆ ಬಂತು, ಆಮೇಲೆ ಕಾಲು, ಆಮೇಲೆ ಮುದುಡಿದ ಒದ್ದೆ ರೆಕ್ಕೆ. ಗೂಡು ಹಿಡಿದುಕೊಂಡು ಸುಮ್ಮನೆ ಕೂತಿತು. ನೋಡನೋಡುತ್ತಿದ್ದಂತೆ ಆ ರೆಕ್ಕೆ ಬಿಚ್ಚಿಕೊಂಡು ಹಾಲಿನ ಕೆನೆಯ ಹಾಗಾಯಿತು. ಒಂದಲ್ಲ, ಎರಡಲ್ಲ, ನವಿಲಿನ ಕುತ್ತಿಗೆಯಿಂದ ಗರಿಯ ತುದಿಯವರೆಗೂ. ಅಷ್ಟರಲ್ಲಿ ಹದಿನೈದು ಹೆಂಗಸರೂ ಬಂದು ಸೇರಿದ್ದರು. ಅಷ್ಟು ಜನ ಇದ್ದೂ ರೆಕ್ಕೆ ಪಟಪಟ ಬಡಿಯುವುದು ಕೇಳಿಸುತ್ತಿತ್ತು.

ಶ್ಯಾಮಲಾ, ನಲವತ್ತು ವರ್ಷ ಹುಳ ಸಾಕಿದೆವು ನಾವು. ಒಂದು ಜ್ವರ, ಎರಡು ಜ್ವರ ಎಂದು ಅದು ಪೊರೆ ಬಿಡುವುದನ್ನು ಮಕ್ಕಳ ಹುಟ್ಟುಹಬ್ಬಕ್ಕಿಂತ ಚೆನ್ನಾಗಿ ಲೆಕ್ಕ ಇಟ್ಟೆವು. ವಾಸನೆ ಹುಳಕ್ಕೆ ಆಗದೆಂದು ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ, ಮಲ್ಲಿಗೆ ಮುಡಿಯಲಿಲ್ಲ. ಆದರೆ ಗೂಡು ಕಟ್ಟಿದ ಐದಾರು ದಿನಕ್ಕೆ ಮಾರ್ಕೆಟ್ಟಿಗೆ, ಅಲ್ಲಿಂದ ಕುದಿಯುವ ನೀರಿಗೆ. ಅದು ಕೊನೆಗೆ ಏನಾಗಬೇಕಿತ್ತು ಎನ್ನುವುದನ್ನು ಒಂದು ದಿನವಾದರೂ ಕಂಡಿದ್ದೆವಾ? ನನಗೆ ಅರವತ್ತೊಂದು. ನಿನ್ನೆಯೇ ಮೊದಲು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ತೋಚಲಿಲ್ಲ.

ಆ ಚಿಟ್ಟೆಗೆ ಬಾಯಿಯೇ ಇಲ್ಲವಂತೆ, ಏನೂ ತಿನ್ನುವುದಿಲ್ಲವಂತೆ. ಹರಿತಾ ಹೇಳಿದಳು. ಹಾರುವುದಕ್ಕೂ ಬರುವುದಿಲ್ಲ. ನಾಲ್ಕಾರು ದಿನ ಬದುಕಿ ಮೊಟ್ಟೆ ಇಟ್ಟು ಹೋಗುತ್ತದೆ, ಅಷ್ಟೆ. ಬೆಳಿಗ್ಗೆಯೆಲ್ಲ ಜೋಡಿಯಾಗಿದ್ದವು ಮಧ್ಯಾಹ್ನದ ಮೇಲೆ ಬೇರೆಯಾದವು. ಒಂದು ದಪ್ಪ ಹೆಣ್ಣು ಚಿಟ್ಟೆ ನೆಲಕ್ಕೆ ಬಿದ್ದಿತ್ತು, ಯಾರಾದರೂ ತುಳಿದಾರು ಎಂದು ಎತ್ತಿಕೊಂಡೆ. ಅದು ನನ್ನ ಬಲಗೈ ಹಿಂದುಗಡೆ ನಿಧಾನಕ್ಕೆ ನಡೆಯಿತು. ನಿಂತಿತು. ಒಂದೊಂದಾಗಿ ಸಾಸಿವೆಗಿಂತ ಸಣ್ಣ ಹಳದಿ ಮೊಟ್ಟೆ ಇಡುತ್ತಾ ಹೋಯಿತು. "ಅಲ್ಲಾಡ್ಬೇಡ್ರೀ ಅನಸೂಯಮ್ಮಾರೇ, ಕೈ ಹಂಗೇ ಮಡಗಿ!" ಎಂದು ಎಲ್ಲರೂ ಸುತ್ತ ನಿಂತರು. ಏನು ಪುಣ್ಯ ಮಾಡಿದ್ದೆಯೋ, ಎಂಥ ಕೈಗುಣ ನಿನ್ನದು ಎಂದಳು ಅಶ್ವತ್ಥಮ್ಮ.

ಕೈಗುಣ! ಆ ಮಾತನ್ನು ಅವಳು ನನಗೆ ಹೇಳಬಾರದಿತ್ತು. ಯಾಕೆಂದರೆ ನಿನ್ನ ಹುಳ ಸತ್ತದ್ದು ನನ್ನ ಕೈಯಿಂದ.

ಇದನ್ನು ಹೇಳುವುದಕ್ಕೇ ಇಷ್ಟು ಸುತ್ತಿ ಬಳಸಿ ಬಂದೆ. ಆ ವರ್ಷ ನಿನ್ನ ಹುಳ ನಾಲ್ಕನೇ ಜ್ವರದಿಂದ ಎದ್ದು ಬಕಬಕ ತಿನ್ನುತ್ತಿದ್ದ ಹೊತ್ತಿನಲ್ಲಿ ನಾನು ನನ್ನ ಟೊಮ್ಯಾಟೊಗೆ ಔಷಧಿ ಹೊಡೆಸಿದ್ದೆ. ಬೇಲಿಯ ಆಚೆ ನಿನ್ನ ಸೊಪ್ಪಿನ ತೋಟ. ಮಾರನೇ ದಿನ ನೀನು ಅದೇ ಸೊಪ್ಪು ಕೊಯ್ದು ಹಾಕಿದೆ. ಸಂಜೆಗೆ ಅಷ್ಟೂ ತಟ್ಟೆಯ ಹುಳ ಹಸಿರು ಕಾರಿಕೊಂಡು ತಲೆ ಆಡಿಸಿ ಆಡಿಸಿ ಸತ್ತವು. ನೀನು ಓಡಿ ಬಂದು, "ಔಷಧಿ ಏನಾರ ಹೊಡೆಸಿದ್ಯಾ ಅನಸೂಯಾ?" ಅಂತ ಕೇಳಿದೆ. ಇಲ್ಲ ಅಂದೆ. ನಂಬಿದೆ ನೀನು. "ನಿನ್ನ ಕೈಗುಣವೇ ಸರಿಯಿಲ್ಲ" ಎಂದು ಆವಲಪ್ಪನವರು ಬೀದಿಯಲ್ಲಿ ನಿಂತು ಕೂಗಿದಾಗ ನಾನು ಪಕ್ಕದಲ್ಲೇ ಇದ್ದೆ. ನಿನ್ನ ಬೆನ್ನು ಸವರಿದೆ, ಬಾಯಿ ಬಿಡಲಿಲ್ಲ. ಆ ದಿನ ಗಾಳಿ ಇರಲಿಲ್ಲ ಕಣೇ, ಔಷಧಿ ಅಷ್ಟು ದೂರ ಬಂದೀತು ಎಂದು ನನಗೆ ತಿಳಿಯಲಿಲ್ಲ.

ಆ ಮೊಟ್ಟೆ ಹೊತ್ತ ಕೈಯನ್ನು ಸಂಜೆಯವರೆಗೂ ತೊಳೆಯಲಿಲ್ಲ. ಕೊನೆಗೆ ಹರಿತಾ ಒದ್ದೆ ಕುಂಚದಲ್ಲಿ ಒಂದೊಂದಾಗಿ ಎಬ್ಬಿಸಿ ಹಾಳೆಗೆ ಹಾಕಿದಳು. ಆ ಪುಣ್ಯ ನನ್ನ ಕೈಗೆ ಸಲ್ಲಬೇಕಾದ್ದಲ್ಲ, ನಿನ್ನ ಕೈಗೆ. ನಿನ್ನ ಕೈ ಯಾವತ್ತೂ ಚೆನ್ನಾಗಿಯೇ ಇತ್ತು ಶ್ಯಾಮಲಾ. ನನ್ನನ್ನು ಬೈ, ಬೇಡವೆನ್ನು, ನನ್ನ ಮುಖ ನೋಡಬೇಡ. ಆದರೆ ಹುಳುಮನೆಗೆ ಬಾ. ನೀನು ಬರುವ ಭಾನುವಾರ ನಾನು ಅಲ್ಲಿರಬಾರದು ಅಂದರೆ ಬೀಗದ ಕೈ ಅಶ್ವತ್ಥಮ್ಮನಿಗೆ ಕೊಟ್ಟು ಮನೆಯಲ್ಲೇ ಇರುತ್ತೇನೆ.

ನಾಳೆ ಗೌರಿ ಹಬ್ಬ. ಒಲೆಯ ಮೇಲೆ ಬೇಳೆ ಬೇಯುತ್ತಿದೆ, ಏಳಬೇಕು.

ನಿನ್ನ ಬೇಲಿಯಾಚೆಯವಳು,
ಅನಸೂಯ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಬೇಳೆ ಇಳಿಸಿ ಬಂದು ಬರೆಯುತ್ತಿದ್ದೇನೆ. ಗಾಳಿ ಇರಲಿಲ್ಲ ಎಂದದ್ದು ಸುಳ್ಳು. ಗಾಳಿ ಇತ್ತು. ಬದುವಿನ ಮೇಲೆ ನಿಂತಿದ್ದೆ, ನನ್ನ ಸೆರಗು ನಿನ್ನ ತೋಟದ ಕಡೆಗೇ ಹಾರುತ್ತಿತ್ತು. ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಔಷಧಿ ಹೊಡೆಯುವ ಆಳಿಗೆ ಹೊಡಿಯಪ್ಪಾ ಅಂದೆ. ಆದ್ದರಿಂದ ಈ ಕಾಗದವನ್ನು ಈಗಲೇ ಹೂಳಬೇಡ. ಮೊದಲು ಆವಲಪ್ಪನವರ ಕೈಗೆ ಕೊಡು, ಗಟ್ಟಿಯಾಗಿ ಓದಲಿ, ಪಕ್ಕದ ಮನೆಗೂ ಕೇಳಿಸಲಿ. ಆಮೇಲೆ ಕುಂಡಕ್ಕೆ ಹಾಕು. ನೀರನ್ನು ಅವರ ಕೈಯಲ್ಲಿ ಹಾಕಿಸಬೇಡ, ನೀನೇ ಹಾಕು.