ಅವ್ವ ಹಿಡಿದ ಸೀಟು

ಸ್ವರೂಪಕ್ಕಗ ಜೈಭೀಮ್.

ನಾಗಾರ್ಜುನಕೊಂಡದಿಂದ ವಾಪಸ್ ಬರೋ ಲಾಂಚಿನಾಗ ಕೂತು ಬರೀತಿದೀನಿ, ಅಕ್ಷರ ಕುಣಿದ್ರ ಬೈಬ್ಯಾಡ. ನೀರಿನ ನಡುವಿನ ಈ ಊರಿಗೆ ನಡುಗಡ್ಡೆ ಅನ್ನೋ ಹೆಸರು ಯಾಕಂತ ಇವತ್ತು ತಿಳೀತು, ಸರಿಯಾಗಿ ನಡುಗಿಸಿತು. ಹಳೇ ಸ್ತೂಪಗಳೇನೋ ಚೆಂದ ಅದಾವ. ಆದ್ರ ನಮ್ಮ ಜಹೀರಾಬಾದಿನ ಆಟೊ ಸೀಟು ತುಂಬೋತನಕ ಬಿಡಂಗಿಲ್ಲಲ್ಲ, ಲಾಂಚೂ ಹಂಗೇ ಅಂದ್ಕೊಂಡು ಅವ್ವ ತನ್ನ ಸೀಟಿನ ಮ್ಯಾಲ ಚೀಲ ಇಟ್ಟು ಇಳಿದಳು. "ಅವಸರ ಮಾಡಬ್ಯಾಡಪ, ನಾವಿಲ್ಲದ ಹೆಂಗ ಬಿಡ್ತಾರ?" ಅಂತ ಸ್ತೂಪಕ್ಕ ನಿಧಾನ ಸುತ್ತು ಹಾಕಿದಳು. ದಡಕ್ಕ ಬಂದು ನೋಡಿದ್ರ ಲಾಂಚು ಚೀಲದ ಸಮೇತ ಹೋಗಿತ್ತು.

ಶುಗರ್ ಗುಳಿಗೆ ಅವ್ವನ ಹೊಟ್ಟ್ಯಾಗ, ರೊಟ್ಟಿ ಚೀಲದಾಗ. ಸ್ವಲ್ಪ ಹೊತ್ತಿಗೆ ಬೆವತಳು, ಕೈ ನಡುಗಾಕ ಹತ್ತಿದವು, ಮಾತು ತೊದಲಿತು. ಗಾಳಿ ಇಳೀದಿದ್ರ ಕಡೀ ಲಾಂಚು ಬರಂಗಿಲ್ಲ ಅಂದ ಅಲ್ಲಿನ ಕಾವಲುಗಾರ, ತನ್ನ ಫ್ಲಾಸ್ಕಿನ ಸಿಹಿ ಚಹಾ ಕುಡಿಸಿದ. ನನ್ನ ಬಾಯಾಗ ಒಂದು ಚೇಷ್ಟೆ ಮಾತೂ ಬರಲಿಲ್ಲ. ಅದನ್ನ ನೋಡೇ ಆಕಿ ಹೆದರಿದಳಂತ.

ಕಡೀಗೆ ಅದೇ ಲಾಂಚು ತಿರುಗಿ ಬಂತು. ಚೀಲ ಇಟ್ಟಲ್ಲೇ ಕೂತಿತ್ತು, ಯಾರೂ ಸರಿಸಿರಲಿಲ್ಲ. ಈಗ ರೊಟ್ಟಿ ತಿಂದು ಹುಷಾರಾಗ್ಯಾಳ, ಚಿಂತಿ ಮಾಡಬ್ಯಾಡ. ದಡ ಬಂತು, ಇಳೀಬೇಕು. "ನಮ್ಮನ್ನ ಬಿಟ್ಟು ಹೋದ್ರೇನಾತು, ಸೀಟು ನಂದೇ ಇತ್ತು ಅಂತ ಅಕ್ಕಗ ಬರಿ" ಅಂತಾಳ. ಬರದೀನಿ.

ನಿನ್ನ ತಮ್ಮ,
ಸತೀಶಕುಮಾರ