‘ಮುಚ್ಚಿದೆ’ ಎಂದು ನಾನು ಓದಿದ ಗುರುವಾರ

ಕೆಮಿ, ೧೫ ನವೆಂಬರ್ ೧೯೮೫

ದೂರದಲ್ಲಿರುವ ನನ್ನ ಅಮ್ಮನಿಗೆ,

ಮಣಿಕಟ್ಟಿನ ಪ್ಲಾಸ್ಟರ್ ಬಿಚ್ಚಿದರಾ? ಬೆರಳು ಮಡಚಲು ಬರುತ್ತಿದೆಯೆ? ನೀನು ಮೆಟ್ಟಿಲ ಮೇಲೆ ಬಿದ್ದದ್ದು ಹಿಮದಲ್ಲಿ ಜಾರಿ ಅಲ್ಲ ಎಂದು ಕೆರ್ತು ದೊಡ್ಡಮ್ಮ ಬರೆದಿದ್ದಾಳೆ. ಇನ್ನೊಮ್ಮೆ ಹೀಗಾದರೆ ನೀನು ಉಳಿಯುವ ಭರವಸೆ ಇಲ್ಲವೆಂದು ರಾಹೆ ಊರಿನ ವೈದ್ಯರು ಹೇಳಿದ್ದನ್ನೂ ಬರೆದಿದ್ದಾಳೆ. ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ, ಅವಳಿಗೂ ಭಯ. ಇಲ್ಲಿ ಮೂರು ಗಂಟೆಗೇ ಕತ್ತಲು. ಅಪ್ಪ ಕಾಗದದ ಗಿರಣಿಯಿಂದ ಬಂದು ನಿಂತುಕೊಂಡೇ ಉಂಡು ಮಲಗುತ್ತಾನೆ. ನಿನ್ನ ಕಂದು ಕೋಟು ಬಾಗಿಲ ಹಿಂದಿನ ಮೊಳೆಯಲ್ಲೇ ಇದೆ. ತೆಗೆದಿಡಲು ಹೋದರೆ “ಅದನ್ನ ಮುಟ್ಬೇಡ ಕಣೇ” ಎಂದು ಗದರಿದ. ನನ್ನ ಪಾನವಿರೋಧಿ ಕರಪತ್ರಗಳ ಕಟ್ಟನ್ನು ಕಂಡರೆ ಮಾತ್ರ ಅವನಿಗೆ ಈಗಲೂ ನಗು: “ಓದು ಮಗಳೇ, ಓದು. ಒಲೆಗೆ ಚೆನ್ನಾಗಿ ಹತ್ತುತ್ತೆ.”

ಅಮ್ಮಾ, ಮಾರ್ಚ್ ತಿಂಗಳ ಆ ಮಧ್ಯಾಹ್ನ ನಿನಗೆ ನೆನಪಿದೆಯೊ ಇಲ್ಲವೊ. ನೀನು ಆಲೂಗಡ್ಡೆ ಸುಲಿಯುತ್ತಿದ್ದೆ. ತಲೆ ಎತ್ತದೆ ಕೇಳಿದೆ: “ವಿರ್ಪಿ, ಆ ಗುರುವಾರದ ಜನ... ಕುಡಿತ ಬಿಡೋರು... ಇನ್ನೂ ಸೇರ್ತಾರಾ?” ಹತ್ತು ವರ್ಷದಲ್ಲಿ ನೀನು ಕೇಳಿದ್ದು ಅದೊಂದೇ ಸಲ. ನಾನು ಗ್ರಂಥಾಲಯಕ್ಕೆ ಓಡಿದೆ. ಫಲಕದ ಮೇಲೆ ಚೀಟಿ ಇತ್ತು: ಚರ್ಚಿನ ಸಭಾಭವನದ ನೆಲಮಾಳಿಗೆ, ಗುರುವಾರ ಸಂಜೆ ಆರು. ಕೆಳಗೆ ಒಂದೇ ಪದ: ಮುಚ್ಚಿದೆ. ಭಾನುವಾರ ಅಂಗಡಿಗಳ ಬಾಗಿಲಿಗೆ ತೂಗುಹಾಕುತ್ತಾರಲ್ಲ, ಅದೇ ಪದ. ಮನೆಗೆ ಬಂದು “ಮುಚ್ಚಿಬಿಟ್ಟಿದ್ದಾರಮ್ಮಾ” ಎಂದೆ. ನೀನು “ಹಾಗಾದ್ರೆ ಬಿಡು” ಎಂದೆ. ನಿನ್ನ ಮುಖದಲ್ಲಿ ಒಂದು ನಿಮಿಷ ಏನೋ ಇಳಿದುಹೋಯಿತು. ಕಂಡರೂ ನಾನು ಅದಕ್ಕೆ ಗಮನ ಕೊಡಲಿಲ್ಲ, ಆಗಲೇ ಕಾಗದ ಹುಡುಕುತ್ತಿದ್ದೆ. ಒಂದು ಕೈಯಿಂದ ಹೆಂಡ ಮಾರಿ ಇನ್ನೊಂದು ಕೈಯಿಂದ ಬಡವರ ಬಾಗಿಲು ಮುಚ್ಚುವ ಸರ್ಕಾರದ ಬಗ್ಗೆ ಊರಿನ ಪತ್ರಿಕೆಗೆ ಅರ್ಧ ಪುಟ ಬರೆದೆ. ಅವರು ಅಚ್ಚು ಹಾಕಿದರು. ನೀನೇ ಅದನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಜೂನ್‌ನಲ್ಲಿ ನೀನು ರಾಹೆಗೆ, ದೊಡ್ಡಮ್ಮನ ಮನೆಗೆ ಹೊರಟುಹೋದೆ.

ದೊಡ್ಡಮ್ಮನ ಕಾಗದ ಬಂದಾಗಿನಿಂದ ನನಗೆ ಯಾರನ್ನಾದರೂ ದೂರಲೇಬೇಕಾಗಿತ್ತು. ರಟ್ಟಿನ ಮೇಲೆ ಕೆಂಪು ಬಣ್ಣದಲ್ಲಿ “ಹೆಂಡದಂಗಡಿ ತೆರೆದಿದೆ, ಈ ಬಾಗಿಲೇಕೆ ಮುಚ್ಚಿದೆ?” ಎಂದು ಬರೆದುಕೊಂಡು ನಿನ್ನೆ ಆರಕ್ಕೆ ಆ ಭವನದ ಮುಂದೆ ನಿಂತೆ. ನೆಲಮಾಳಿಗೆಯ ಕಿಟಕಿಯಲ್ಲಿ ದೀಪವಿತ್ತು. ಕಾಫಿಯ ವಾಸನೆ ಬರುತ್ತಿತ್ತು. ಮೆಟ್ಟಿಲ ಮೇಲೆ ಸಿಗರೇಟು ಸೇದುತ್ತಿದ್ದ ಮುದುಕ, ಹಿಂದೆ ನದಿಯಲ್ಲಿ ಮರದ ದಿಮ್ಮಿ ತೇಲಿಸುತ್ತಿದ್ದ ಔಲಿಸ್, ನನ್ನ ರಟ್ಟನ್ನು ನಿಧಾನವಾಗಿ ಓದಿದ. “ಯಾರ ಮೇಲಮ್ಮ ಯುದ್ಧ?” ಎಂದ. ಈ ಸಭೆಯನ್ನು ಮುಚ್ಚಿದವರ ಮೇಲೆ ಎಂದೆ. “ಮುಚ್ಚೋದು ನಾವೇ ಕಣೇ. ಹತ್ತೊಂಬತ್ತು ವರ್ಷದಿಂದ ಪ್ರತಿ ಗುರುವಾರ, ಎಲ್ಲರೂ ಒಳಗೆ ಬಂದ ಮೇಲೆ” ಎಂದ. ಮುಚ್ಚಿದ ಸಭೆ ಎಂದರೆ ಕುಡಿತ ಬಿಡಲು ಬಂದವರಿಗೆ ಮಾತ್ರವಂತೆ. ನೋಡಲು ಬಂದವರಿಗೆ, ಪಾದ್ರಿಗೆ, ಪತ್ರಿಕೆಯವರಿಗೆ, ಹೆಂಡತಿಗೂ ಪ್ರವೇಶವಿಲ್ಲ. ಕುಡುಕರಿಗೆಲ್ಲ ಗೊತ್ತಿರುವ ಅರ್ಥ ನನ್ನ ಒಂದು ಕರಪತ್ರದಲ್ಲೂ ಇರಲಿಲ್ಲ.

ಆಮೇಲೆ ಅವನು ಕಣ್ಣು ಕಿರಿದು ಮಾಡಿ, “ಓ, ಪತ್ರಿಕೆಗೆ ಬರೆದೋಳು ನೀನೇನಾ?” ಎಂದ. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. “ಅದು ಬಂದಮೇಲೆ ಹೊಸಬರು ಒಬ್ಬರೂ ಬರ್ಲಿಲ್ಲ ನೋಡು. ಅದೇ ಆರು ಮುಖ, ಅದೇ ಹಳಸಿದ ಜೋಕು. ಬಿಸ್ಕತ್ತು ಮಾತ್ರ ಮಿಗುತ್ತೆ” ಎಂದ. ಮಾರ್ಚ್‌ನಿಂದ ನವೆಂಬರ್‌ವರೆಗೆ, ಅಮ್ಮಾ. ನಮ್ಮ ಊರಿನಲ್ಲಿ ನಿನ್ನಂತೆ ಎಷ್ಟು ಜನ ಅಡುಗೆಮನೆಯಲ್ಲಿ ಕೂತು ಅದನ್ನು ಓದಿ “ಹಾಗಾದ್ರೆ ಬಿಡು” ಎಂದರೊ.

ಒಳಗೆ ಬರಲೇ ಎಂದು ಕೇಳಿದೆ. “ಕುಡೀತೀಯಾ?” ಎಂದ. ಹದಿನೈದನೇ ವಯಸ್ಸಿನಲ್ಲೇ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದೇನೆ ಎಂದು ಎದೆಯುಬ್ಬಿಸಿ ಹೇಳಿದೆ. “ಹಾಗಾದ್ರೆ ಹೊರಗೇ ಇರು ತಾಯಿ” ಎಂದು ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಯಾರೋ ಒಂದು ಲೋಟ ಕಾಫಿ, ಒಂದು ಏಲಕ್ಕಿ ಬನ್ನು ಹೊರಗಿಟ್ಟರು. ಮೆಟ್ಟಿಲು ಒದ್ದೆಯಾಗಿತ್ತು. ನನ್ನ ರಟ್ಟನ್ನು ಬೋರಲು ಹಾಕಿ ಅದರ ಮೇಲೆಯೇ ಕೂತೆ. ಮಾತು ಕೇಳಿಸಲಿಲ್ಲ, ಆದರೆ ಅವರು ನಗುತ್ತಿದ್ದರು. ಅಲ್ಲಿ ನಗುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ನೀನು ಕೊನೆಯ ಸಲ ನಕ್ಕದ್ದು ಯಾವಾಗ ಎಂದು ಯೋಚಿಸಿದೆ, ನೆನಪಾಗಲಿಲ್ಲ.

ಪತ್ರಿಕೆಗೆ ತಪ್ಪೊಪ್ಪಿಗೆ ಬರೆದಿದ್ದೇನೆ. ಈ ಸಲ ನಾಲ್ಕೇ ಸಾಲು. ದೊಡ್ಡಮ್ಮನಿಗೆ ನನ್ನ ನೆನಪು ಹೇಳು. ಕೈ ಬೆಚ್ಚಗಿಟ್ಟುಕೊ. ಅಪ್ಪನೂ ನಿನ್ನನ್ನು ಕೇಳಿದ; ಬಾಯಲ್ಲಿ ಅಲ್ಲ, ಕೋಟಿನ ಧೂಳು ಕೊಡವುತ್ತ.

ನಿನ್ನ
ವಿರ್ಪಿ

ತಾ. ಕ.: ಅಂಚೆಪೆಟ್ಟಿಗೆ ತೆರವು ಮಾಡುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಇಂಥ ಸಭೆ ರಾಹೆಯಲ್ಲೂ ಇದೆ, ಮಂಗಳವಾರ ಸಂಜೆ ಆರಕ್ಕೆ. ಸಭೆ ಮುಗಿದ ಮೇಲೆ ಔಲಿಸ್ ಬಿಸ್ಕತ್ತಿನ ಪೊಟ್ಟಣ ಹರಿದು ವಿಳಾಸ ಬರೆದುಕೊಟ್ಟ, ಇದರೊಳಗೆ ಇಟ್ಟಿದ್ದೇನೆ. ಹಿತ್ತಲ ಕಡೆಯ ಹಸಿರು ಬಾಗಿಲು. ಅದರ ಮೇಲೆ ‘ಮುಚ್ಚಿದೆ’ ಎಂದಿರುತ್ತದೆ. ಅದು ನನ್ನಂಥವರಿಗೆ ಬರೆದದ್ದು ಅಮ್ಮಾ, ನಿನಗಲ್ಲ. ತಳ್ಳು.